ಶುಕ್ರವಾರದ ಒಲೆ: ಋತುಮಾನದ ಸಸ್ಯಾಹಾರ ಮತ್ತು ಕ್ರೈಸ್ತ ಕುಟುಂಬ



ವಿಶ್ವಾಸದ ವಿಷಯ ಬಂದಾಗ ನಾವು ಸಾಮಾನ್ಯವಾಗಿ ದೇವಾಲಯದ ಪೀಠದ ಬಗ್ಗೆ, ಜಪಸರದ ಬಗ್ಗೆ, ಪಾಪನಿವೇದನೆಯ ಬಗ್ಗೆ ಮಾತನಾಡುತ್ತೇವೆ. ಒಲೆಯ ಬಗ್ಗೆ ಮಾತನಾಡುವುದು ಕಡಿಮೆ. ಆದರೆ ಒಂದು ಮನೆಯ ವಿಶ್ವಾಸ ಎಷ್ಟು ಗಟ್ಟಿ ಎಂಬುದು ಪೀಠದ ಮುಂದೆ ತಿಳಿಯುವಷ್ಟೇ ಆ ಮನೆಯ ಊಟದ ಸಾಲಿನಲ್ಲೂ ತಿಳಿಯುತ್ತದೆ. ಅಲ್ಲಿ ಏನು ಬೇಯುತ್ತದೆ, ಯಾರು ಬೇಯಿಸುತ್ತಾರೆ, ಯಾರು ಮೊದಲು ಉಣ್ಣುತ್ತಾರೆ, ಯಾರಿಗೆ ಕೊನೆಗೆ ಬರೀ ತಳದ ಸಾರು ಸಿಗುತ್ತದೆ, ಇವೆಲ್ಲ ವಿಶ್ವಾಸದ ಪ್ರಶ್ನೆಗಳೇ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಅಲ್ಲೊಂದು ಇಲ್ಲೊಂದು ಊರಿನಲ್ಲಿ ಚದುರಿಕೊಂಡಿವೆ. ಸುತ್ತಲಿನ ನೆರೆಯವರು ಶ್ರಾವಣ ಸೋಮವಾರ ಹಿಡಿಯುತ್ತಾರೆ, ರಂಜಾನ್ ರೋಜಾ ಹಿಡಿಯುತ್ತಾರೆ. ನಾವು ಶುಕ್ರವಾರ ಮಾಂಸ ಬಿಡುತ್ತೇವೆ, ತಪಸ್ಸುಕಾಲ ಆಚರಿಸುತ್ತೇವೆ. ಏಕೆ ಬಿಡುತ್ತೇವೆ ಎಂದು ಮಕ್ಕಳು ಕೇಳಿದರೆ ಅನೇಕರಿಗೆ ಉತ್ತರ ಹೊಳೆಯುವುದಿಲ್ಲ. ಬಿಟ್ಟ ದಿನ ಅದರ ಬದಲು ಏನು ಅಡುಗೆ ಮಾಡಬೇಕು ಎಂಬುದಕ್ಕೂ ಪೇಟೆಯ ಪೊಟ್ಟಣವೇ ಉತ್ತರವಾಗುತ್ತಿದೆ. ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಾರದ ಪಾಠವನ್ನು ಅಭ್ಯಾಸ ಮಾಡೋಣ.

1. ಪವಿತ್ರ ಗ್ರಂಥದಲ್ಲಿ ಸೊಪ್ಪು, ಕಾಳು, ಹಿಟ್ಟು

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ (1:29) ದೇವರು ಮನುಷ್ಯನಿಗೆ ಕೊಡುವ ಮೊದಲ ಆಹಾರ ಬೀಜ ಬಿಡುವ ಸಸ್ಯಗಳು ಮತ್ತು ಹಣ್ಣಿನ ಮರಗಳು. ಜಲಪ್ರಳಯದ ನಂತರ (9:3) ಮಾಂಸವನ್ನೂ ಆಹಾರವಾಗಿ ಕೊಡುತ್ತಾರೆ. ಎರಡೂ ದೇವರ ಕೊಡುಗೆಯೇ. ಆದುದರಿಂದ ಯಾವುದನ್ನೂ ನಾವು ತಿರಸ್ಕಾರದಿಂದ ನೋಡುವಂತಿಲ್ಲ.

ಪ್ರವಾದಿ ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಬಾಬಿಲೋನಿನಲ್ಲಿ ಸೆರೆಯಾಳುಗಳಾಗಿದ್ದ ನಾಲ್ವರು ಯೆಹೂದ್ಯ ತರುಣರು ರಾಜನ ಊಟವನ್ನೂ ದ್ರಾಕ್ಷಾರಸವನ್ನೂ ಬೇಡವೆಂದು ಹತ್ತು ದಿನ ಬರೀ ಕಾಯಿಪಲ್ಯ ಮತ್ತು ನೀರಿನಲ್ಲಿ ಇರುತ್ತಾರೆ. ಹತ್ತು ದಿನದ ಕೊನೆಗೆ ಅವರ ಮುಖ ಕಳೆಗುಂದಿರಲಿಲ್ಲ; ರಾಜನ ಊಟ ಉಂಡವರಿಗಿಂತ ಹೆಚ್ಚು ಲಕ್ಷಣವಾಗಿ ಕಂಡರು. ಪರದೇಶದಲ್ಲಿದ್ದೂ ತಾವು ಯಾರ ಮಕ್ಕಳು ಎಂಬುದನ್ನು ಅವರು ಮರೆಯಲಿಲ್ಲ. ಅವರ ತಟ್ಟೆಯೇ ಅವರ ಸಾಕ್ಷಿಯಾಯಿತು. ಕೆಲಸ ಹುಡುಕಿ ಸೊಲ್ಲಾಪುರಕ್ಕೆ, ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ ಹೋಗುವ ನಮ್ಮ ತರುಣರಿಗೆ ಇದು ಒಳ್ಳೆಯ ಪಾಠ.

ಬರಗಾಲದ ಸೀಮೆಯವರಾದ ನಮಗೆ ಇನ್ನೂ ಹತ್ತಿರವಾದ ಕಥೆಗಳು ಅರಸುಗಳ ಗ್ರಂಥಗಳಲ್ಲಿವೆ. ಸರೆಪ್ತದ ವಿಧವೆಯ ಬಳಿ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ ಮಾತ್ರ ಇತ್ತು. ಅದರಲ್ಲೇ ಪ್ರವಾದಿ ಎಲೀಯನಿಗೆ ಮೊದಲ ರೊಟ್ಟಿ ಕೊಟ್ಟಳು. ಬರ ಮುಗಿಯುವ ತನಕ ಹಿಟ್ಟು ತೀರಲಿಲ್ಲ, ಎಣ್ಣೆ ಬತ್ತಲಿಲ್ಲ (ಅರಸುಗಳು ಪ್ರಥಮ ಗ್ರಂಥ, ಅಧ್ಯಾಯ 17). ಇನ್ನೊಂದು ಬರಗಾಲದಲ್ಲಿ ಎಲೀಷನ ಶಿಷ್ಯರಲ್ಲಿ ಒಬ್ಬನು ಸೊಪ್ಪು ಕೀಳಲು ಹೊಲಕ್ಕೆ ಹೋಗಿ ಗೊತ್ತಿಲ್ಲದ ಕಾಡುಬಳ್ಳಿಯ ಕಾಯಿಗಳನ್ನು ತಂದು ಪಾತ್ರೆಗೆ ಹಾಕಿದ. ಊಟ ವಿಷವಾಯಿತು. ಎಲೀಷನು ಹಿಟ್ಟು ತರಿಸಿ ಹಾಕಿ ಅದನ್ನು ಉಣ್ಣುವಂತೆ ಮಾಡಿದನು (ದ್ವಿತೀಯ ಗ್ರಂಥ 4:38-41). ಹೊಲದ ಸೊಪ್ಪು ದೇವರ ವರ. ಆದರೆ ಅದನ್ನು ಗುರುತಿಸುವ ಜ್ಞಾನವೂ ಬೇಕು. ಆ ಜ್ಞಾನ ನಮ್ಮ ಮನೆಗಳಲ್ಲಿ ಅಜ್ಜಿ, ಆಯಿಯರ ಬಳಿ ಇದೆ. ಅವರ ಕಾಲದಲ್ಲೇ ಮೊಮ್ಮಕ್ಕಳು ಅದನ್ನು ಕಲಿಯದಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತದೆ.

2. ಧರ್ಮಸಭೆಯ ನಿಯಮ ಏನು?

ಜಗದ್ಗುರು ಆರನೆಯ ಪೌಲರು 1966ರ ಫೆಬ್ರವರಿ 17ರಂದು ಹೊರಡಿಸಿದ ‘ಪೆನಿತೇಮಿನಿ’ ಎಂಬ ಪ್ರೇಷಿತ ಆಜ್ಞಾಪತ್ರವು ಉಪವಾಸ ಮತ್ತು ಮಾಂಸವರ್ಜನೆಯ ನಿಯಮಗಳನ್ನು ಹೊಸದಾಗಿ ಕ್ರಮಗೊಳಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 1249ರಿಂದ 1253ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ಸಾರಾಂಶ ಹೀಗಿದೆ:

• ವರ್ಷದ ಎಲ್ಲ ಶುಕ್ರವಾರಗಳು ಮತ್ತು ಇಡೀ ತಪಸ್ಸುಕಾಲ ಪ್ರಾಯಶ್ಚಿತ್ತದ ದಿನಗಳು.
• ಮಹೋತ್ಸವ ಬಿದ್ದ ಶುಕ್ರವಾರವನ್ನು ಬಿಟ್ಟು ಉಳಿದ ಶುಕ್ರವಾರಗಳಲ್ಲಿ ಮಾಂಸವನ್ನು, ಇಲ್ಲವೇ ಧರ್ಮಾಧ್ಯಕ್ಷರ ಮಂಡಳಿ ನಿಗದಿ ಮಾಡಿದ ಬೇರೆ ಆಹಾರವನ್ನು ಬಿಡಬೇಕು.
• ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಮಾಂಸವರ್ಜನೆಯೂ ಉಂಟು, ಉಪವಾಸವೂ ಉಂಟು. ಉಪವಾಸ ಎಂದರೆ ದಿನಕ್ಕೆ ಒಂದೇ ಹೊಟ್ಟೆ ತುಂಬ ಊಟ. ಬೆಳಿಗ್ಗೆ ಮತ್ತು ಸಂಜೆ ಅಲ್ಪ ಆಹಾರಕ್ಕೆ ಅಡ್ಡಿಯಿಲ್ಲ.
• ಮಾಂಸವರ್ಜನೆ 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಉಪವಾಸ 18 ವರ್ಷ ತುಂಬಿದವರಿಗೆ, 60ನೆಯ ವರ್ಷ ಆರಂಭವಾಗುವ ತನಕ.
• 1253ನೆಯ ಕಲಮಿನ ಪ್ರಕಾರ ಧರ್ಮಾಧ್ಯಕ್ಷರ ಮಂಡಳಿಯು ಇದಕ್ಕೆ ಬದಲಾಗಿ ಬೇರೆ ಪ್ರಾಯಶ್ಚಿತ್ತವನ್ನು, ವಿಶೇಷವಾಗಿ ದಾನಧರ್ಮ ಮತ್ತು ಭಕ್ತಿಕಾರ್ಯಗಳನ್ನು ಗೊತ್ತುಮಾಡಬಹುದು.

ಇಲ್ಲಿ ಒಂದು ಸ್ಪಷ್ಟನೆ ಬೇಕು. ಧರ್ಮಸಭೆ ಶುಕ್ರವಾರ ಬಿಡಲು ಹೇಳುವುದು ಮಾಂಸವನ್ನು. ಮೀನನ್ನಲ್ಲ. 1966ರ ಪತ್ರವು ಮೊಟ್ಟೆ, ಹಾಲಿನ ಪದಾರ್ಥಗಳನ್ನೂ ನಿಷೇಧಿಸುವುದಿಲ್ಲ. ಹಾಗಿದ್ದರೂ ನಮ್ಮ ಸೀಮೆಯಲ್ಲಿ ಶುಕ್ರವಾರದ ಸಹಜವಾದ ಊಟ ಎಂದರೆ ಜೋಳದ ರೊಟ್ಟಿ, ಬೇಳೆ, ಪಲ್ಯ, ಹಿಂಡಿ. ಅದು ನಿಯಮಕ್ಕಿಂತ ಹೆಚ್ಚಾಗಿ ನಮ್ಮ ಹೊಲದಿಂದ ಬಂದ ರೂಢಿ.

3. ಇದು ಮಡಿಯಲ್ಲ, ತ್ಯಾಗ

ನಮ್ಮ ಸಮಾಜದಲ್ಲಿ ಸಸ್ಯಾಹಾರ ಎಂಬ ಮಾತಿಗೆ ಬಹಳ ಸಲ ಮೇಲು-ಕೀಳಿನ ವಾಸನೆ ಅಂಟಿಕೊಂಡಿರುತ್ತದೆ. ಕಾಯಿಪಲ್ಯ ತಿನ್ನುವವರು ಶುದ್ಧರು, ಮಾಂಸ ತಿನ್ನುವವರು ಮೈಲಿಗೆಯವರು ಎಂಬ ಎಣಿಕೆ. ತಿನ್ನುವ ಆಹಾರದ ಕಾರಣಕ್ಕೆ ಬಾಡಿಗೆ ಮನೆ ಸಿಗದೆ ತಿರುಗಿದವರು, ಸಹಪಾಠಿಗಳ ಮುಂದೆ ಬುತ್ತಿ ಬಿಚ್ಚಲು ನಾಚಿಕೊಂಡ ಮಕ್ಕಳು ನಮ್ಮ ನಡುವೆ ಇದ್ದಾರೆ. ಇಂಥವರು ಈ ಲೇಖನ ಓದಿ, ಫಾದರ್ ಕೂಡ ನಮ್ಮ ಊಟವನ್ನೇ ಹೀಗಳೆಯುತ್ತಿದ್ದಾರೆ ಎಂದು ತಿಳಿಯಬಾರದು.

ಪ್ರಭು ಯೇಸು ಈ ಎಣಿಕೆಯನ್ನು ಬುಡಮೇಲು ಮಾಡಿದರು. ಹೊರಗಿನಿಂದ ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಬರುವ ದ್ವೇಷ, ದುರಾಸೆ, ಕಪಟಗಳೇ ಅವನನ್ನು ಕೆಡಿಸುತ್ತವೆ ಎಂದು ಬೋಧಿಸಿದರು (ಮಾರ್ಕ 7:14-23). ಸಂತ ಪೌಲರ ಕಾಲದ ರೋಮ್ ಸಭೆಯಲ್ಲೂ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯ ಮಾತ್ರ ತಿನ್ನುತ್ತಿದ್ದರು. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು, ಇಬ್ಬರನ್ನೂ ದೇವರು ಸ್ವೀಕರಿಸಿದ್ದಾರೆ ಎಂಬುದು ಪೌಲರ ಉತ್ತರ (ರೋಮನರಿಗೆ 14:2-3).

ಹಾಗಾದರೆ ಮಾಂಸವನ್ನು ಬಿಡುವುದೇಕೆ? ಅದು ಕೆಟ್ಟದ್ದೆಂದಲ್ಲ, ಒಳ್ಳೆಯದೆಂದು. ಕೆಟ್ಟದ್ದನ್ನು ಬಿಡುವುದು ನಮ್ಮ ಕರ್ತವ್ಯ, ಒಳ್ಳೆಯದನ್ನು ಪ್ರೀತಿಯಿಂದ ಬಿಟ್ಟುಕೊಡುವುದು ತ್ಯಾಗ. ಪ್ರಭು ತಮ್ಮ ದೇಹವನ್ನು ನಮಗಾಗಿ ಬಲಿಯಾಗಿ ಅರ್ಪಿಸಿದ ವಾರದ ಆ ದಿನವನ್ನು ನಮ್ಮ ದೇಹವೂ ಒಂದಿಷ್ಟು ನೆನೆಯಲಿ ಎಂಬುದೇ ಇದರ ಅರ್ಥ.

ಸಂತ ಥಾಮಸ್ ಅಕ್ವಿನಾಸರು ಹೊಟ್ಟೆಬಾಕತನದ ಬಗ್ಗೆ ಬರೆಯುವಾಗ, ಸಂತ ಮಹಾ ಗ್ರೆಗೊರಿಯವರನ್ನು ಅನುಸರಿಸಿ, ಅದರ ಐದು ರೂಪಗಳನ್ನು ಹೇಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದದ್ದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಗಬಗಬನೆ ತಿನ್ನುವುದು, ರುಚಿಯ ನಾಜೂಕಿಗಾಗಿ ಅತಿಯಾಗಿ ತಲೆಕೆಡಿಸಿಕೊಳ್ಳುವುದು. ಗಮನಿಸಿ, ಈ ಐದರಲ್ಲಿ ಒಂದಕ್ಕೂ ಮಾಂಸವೇ ಬೇಕೆಂದಿಲ್ಲ. ಶುಕ್ರವಾರ ಮಾಂಸ ಬಿಟ್ಟು, ಹೋಟೆಲಿನಿಂದ ಎರಡು ಪಟ್ಟು ಬೆಲೆಯ ಪನೀರ್ ಮಸಾಲೆ ತರಿಸಿ ಉಂಡರೆ ಕಾನೂನಿನ ಅಕ್ಷರ ಉಳಿಯಿತು, ಅದರ ಆತ್ಮ ಹೋಯಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. “ಫಾದರ್, ನಮ್ಮ ಮನ್ಯಾಗ ಮಾಂಸ ಮಾಡೋದಾ ತಿಂಗಳಿಗೊಮ್ಮೆ ರೀ. ಇನ್ನ ಶುಕ್ರವಾರ ಏನ್ ಬಿಡಬೇಕ್ರೀ?” ಎಂದು ಕೂಲಿ ಮಾಡುವ ತಾಯಂದಿರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಬಡತನವೇ ಬಿಡಿಸಿದ್ದನ್ನು ಮತ್ತೆ ಬಿಡು ಎಂದು ದೇವರು ಕೇಳುವುದಿಲ್ಲ. ಅಂಥ ಮನೆಯಲ್ಲಿ ಶುಕ್ರವಾರದ ತ್ಯಾಗ ಬೇರೆ ರೂಪ ತಾಳಲಿ. ಯಜಮಾನನು ಆ ದಿನ ಸೆರೆಯನ್ನು, ಗುಟಕಾವನ್ನು ಬಿಡಲಿ. ಆ ಹಣದಲ್ಲಿ ಮಕ್ಕಳಿಗೆ ಹಾಲು ಬರಲಿ. ಇಂಥ ಶುಕ್ರವಾರವು ಎಷ್ಟೋ ಸಸ್ಯಾಹಾರದ ಭೋಜನಗಳಿಗಿಂತ ದೇವರಿಗೆ ಮೆಚ್ಚುಗೆಯಾದದ್ದು. ಪ್ರವಾದಿ ಯೆಶಾಯನ 58ನೆಯ ಅಧ್ಯಾಯದ ಸಾರವೂ ಇದೇ: ಹಸಿದವನೊಂದಿಗೆ ರೊಟ್ಟಿ ಹಂಚಿಕೊಳ್ಳದ ಉಪವಾಸ ದೇವರಿಗೆ ಬೇಡ.

4. ನಮ್ಮ ಹೊಲ, ನಮ್ಮ ಋತು, ನಮ್ಮ ಅಡುಗೆ

ಅಮರ್ಜಾ ನದಿ ಆಳಂದ ಸೀಮೆಯಲ್ಲಿ ಹರಿದು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಹಾಯ್ದು ಮುಂದೆ ಕೃಷ್ಣೆಗೆ ಹೋಗುತ್ತದೆ. ಈ ಕರಿಯ ಎರೆಮಣ್ಣಿನಲ್ಲಿ ಬೆಳೆಯುವ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು. ಜೋಳ, ಸಜ್ಜೆಗಳಿಗೆ ಲೋಕ ಈಗ ಮರ್ಯಾದೆ ಕೊಡುತ್ತಿದೆ. ನಾವಾದರೋ ಮಕ್ಕಳಿಗೆ ಪೊಟ್ಟಣದ ನೂಡಲ್ಸ್ ಬೇಯಿಸಿ ಕೊಟ್ಟು ರೊಟ್ಟಿಯನ್ನು ಬಡವರ ಊಟ ಎನ್ನುತ್ತಿದ್ದೇವೆ! ಋತು ಋತುವಿಗೆ ದೇವರು ಏನು ಕೊಡುತ್ತಾರೆ ಎಂಬುದನ್ನು ನೋಡೋಣ.

ಮಳೆಗಾಲ: ಜೂನ್, ಜುಲೈ ತಿಂಗಳಲ್ಲಿ ತೊಗರಿ ಬಿತ್ತಿದ ಹೊಲದ ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಪುಂಡಿ ಚಿಗುರುತ್ತದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಸ ಹೆಸರುಕಾಳು ಮನೆಗೆ ಬರುತ್ತದೆ. ಪುಂಡಿ ಪಲ್ಯ ನಮ್ಮ ಸೀಮೆಯ ಕಿರೀಟ. ಐದು ಜನರ ಮನೆಗೆ ಎರಡು ದೊಡ್ಡ ಸೂಡು ಪುಂಡಿ ಎಲೆ, ಅರ್ಧ ಬಟ್ಟಲು ತೊಗರಿಬೇಳೆ, ಎರಡು ದೊಡ್ಡ ಚಮಚ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ಐದಾರು ಹಸಿಮೆಣಸಿನಕಾಯಿ ಸಾಕು. ಬೇಳೆ, ಶೇಂಗಾ, ನುಚ್ಚನ್ನು ಮೊದಲು ಬೇಯಲು ಇಟ್ಟು, ಅರ್ಧ ಬೆಂದ ಮೇಲೆ ತೊಳೆದು ಹೆಚ್ಚಿದ ಎಲೆ, ಮೆಣಸಿನಕಾಯಿ, ಉಪ್ಪು, ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಕಡಗೋಲಿನಿಂದ ಮಸೆಯಿರಿ. ಮೇಲೆ ಜಜ್ಜಿದ ಒಂದು ಗಡ್ಡಿ ಬೆಳ್ಳುಳ್ಳಿಯ ಒಗ್ಗರಣೆ. ಹುಳಿ ಎಲೆಯಲ್ಲೇ ಇರುವುದರಿಂದ ಹುಣಸೆಹಣ್ಣು ಬೇಡ.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಮಂಗಳೂರು ಕಡೆಯ ಕಥೋಲಿಕರು ಅಂದು ‘ಮೊಂತಿ ಫೆಸ್ತ್’ ಆಚರಿಸುತ್ತಾರೆ. ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಕುಟುಂಬದವರೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಅಂದಿನ ಊಟ ಪೂರ್ತಿ ಸಸ್ಯಾಹಾರ, ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು ಎಂಬ ರೂಢಿಯೂ ಉಂಟು. ಮಾಂಸಾಹಾರಿಗಳಾದ ಜನರೇ ವರ್ಷದ ದೊಡ್ಡ ಹಬ್ಬವೊಂದನ್ನು ಕಾಯಿಪಲ್ಯದಲ್ಲಿ ಆಚರಿಸುತ್ತಾರೆ ಎಂಬುದು ಗಮನಾರ್ಹ. ನಮ್ಮಲ್ಲಿ ಆಗ ಭತ್ತದ ತೆನೆ ಇಲ್ಲ, ಹೊಸ ಹೆಸರು ಇದೆ. ಒಂದು ಹಿಡಿ ಹೆಸರುಕಾಳನ್ನು ಬಲಿಪೂಜೆಗೆ ತಂದು ಆಶೀರ್ವದಿಸಿಕೊಂಡು, ಮನೆಯಲ್ಲಿ ಉಸಳಿ ಮಾಡಿ, ಹೆಸರುಬೇಳೆ ಬೆಲ್ಲದ ಪಾಯಸ ಮಾಡಿ ಉಣ್ಣಬಹುದಲ್ಲವೇ?

ಚಳಿಗಾಲ: ಡಿಸೆಂಬರ್, ಜನವರಿಯಲ್ಲಿ ಹೊಲ ತುಂಬಿದ ತೊಟ್ಟಿಲು. ಹಸಿ ತೊಗರಿಕಾಯಿ, ಹಸಿ ಕಡಲೆ, ಅವರೆ, ಮೆಂತ್ಯ, ಉಳ್ಳಾಗಡ್ಡಿ ತೊಪ್ಪಲು, ಎಳೆ ಬದನೆ. ಎಳ್ಳಮಾವಾಸ್ಯೆಗೆ ನೆರೆಯವರು ಹೊಲಕ್ಕೆ ಹೋಗಿ ಉಣ್ಣುವ ಭಜ್ಜಿ ಈ ಎಲ್ಲ ಕಾಳು ಸೊಪ್ಪುಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದ್ದು; ಕಡಲೆಹಿಟ್ಟು, ಮಜ್ಜಿಗೆ ಅಥವಾ ಹುಣಸೆ ಹುಳಿ, ಹಸಿಮೆಣಸು ಸೇರಿಸಿ ಕುದಿಸಿದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಈ ಅಡುಗೆ ಮಣ್ಣಿನದು, ಎಲ್ಲರದ್ದು. ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ನಾವೂ ಸೃಷ್ಟಿಕರ್ತನಿಗೆ ಸ್ತೋತ್ರ ಸಲ್ಲಿಸಿ ಭಜ್ಜಿ ಮಾಡಿ ನೆರೆಮನೆಗೆ ಒಂದು ಬಟ್ಟಲು ಕಳಿಸಬಹುದು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಸೀತನಿಗೆ ಶೇಂಗಾ ಹಿಂಡಿ, ಚೂರು ಬೆಲ್ಲ ಇದ್ದರೆ ಪೇಟೆಯ ಯಾವ ತಿಂಡಿಯೂ ಸಮನಲ್ಲ.

ತಪಸ್ಸುಕಾಲ ಮತ್ತು ಬೇಸಿಗೆ: ಫೆಬ್ರವರಿಯಿಂದ ಏಪ್ರಿಲ್. ಜೋಳ, ಕಡಲೆ, ಗೋಧಿ, ಕುಸುಬಿ ರಾಶಿ ಮುಗಿಯುತ್ತದೆ, ಹಸಿರು ಬತ್ತುತ್ತದೆ. ನಮ್ಮ ಹಿರಿಯರು ಇದಕ್ಕೂ ತಯಾರಿದ್ದರು: ಚಳಿಗಾಲದ ಕಡಲೆ ಚಿಗುರನ್ನು ನೆರಳಲ್ಲಿ ಒಣಗಿಸಿ ಕಟ್ಟಿಡುತ್ತಿದ್ದರು. ಅದನ್ನು ತೊಳೆದು ಜೋಳದ ನುಚ್ಚಿನೊಂದಿಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ತಪಸ್ಸುಕಾಲಕ್ಕೆ ಹೇಳಿ ಮಾಡಿಸಿದ ಪಲ್ಯ. ಏನೂ ಇಲ್ಲದ ದಿನ ಝುಣಕ: ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸು, ಜೀರಿಗೆಯ ಒಗ್ಗರಣೆಗೆ ಎರಡು ಬಟ್ಟಲು ನೀರು, ಉಪ್ಪು, ಅರಿಶಿನ ಹಾಕಿ ಕುದಿಸಿ, ಒಂದು ಬಟ್ಟಲು ಕಡಲೆಹಿಟ್ಟನ್ನು ಉದುರಿಸುತ್ತ ಗಂಟಾಗದಂತೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಇಟ್ಟರೆ ಆಯಿತು. ಮಧ್ಯಾಹ್ನದ ಬಿಸಿಲಿಗೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ. ಶಿಲುಬೆಹಾದಿ ಮುಗಿಸಿ ಬಂದ ಶುಕ್ರವಾರ ಸಂಜೆಗೆ ಇಷ್ಟು ಸಾಲದೇ?

ಹಬ್ಬದ ಸಿಹಿ: ತಪಸ್ಸುಕಾಲದಲ್ಲಿ ಸಿಹಿ ಬಿಟ್ಟವರಿಗೇ ಪಾಸ್ಖದ ಸಿಹಿಯ ಬೆಲೆ ಗೊತ್ತು. ಗೋಧಿಕಾಳು ನೆಲಕ್ಕೆ ಬಿದ್ದು ಸತ್ತರೆ ಮಾತ್ರ ಬಹಳ ಫಲ ಕೊಡುತ್ತದೆ ಎಂಬ ಪ್ರಭುವಿನ ಬೋಧನೆಯನ್ನು (ಯೊವಾನ್ನ 12:24) ನೆನೆದು ಪಾಸ್ಖ ಹಬ್ಬಕ್ಕೆ ಗೋಧಿ ಹುಗ್ಗಿ ಮಾಡಿರಿ. ತೌಡು ಹೋಗುವಂತೆ ಕುಟ್ಟಿದ ಗೋಧಿ ಒಂದು ಬಟ್ಟಲು ಹಿಂದಿನ ರಾತ್ರಿ ನೆನೆಯಿಡಿ. ಅಂದರೆ ಪವಿತ್ರ ಶನಿವಾರದ ಜಾಗರಣೆಗೆ ಹೊರಡುವ ಮುನ್ನ. ಮರುದಿನ ನಾಲ್ಕು ಬಟ್ಟಲು ನೀರಿನಲ್ಲಿ ಕಾಳು ಒಡೆಯುವ ತನಕ ಬೇಯಿಸಿ. ಒಂದೂವರೆ ಬಟ್ಟಲು ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಹುರಿದ ಗಸಗಸೆ, ಒಣಕೊಬ್ಬರಿ, ಏಲಕ್ಕಿ ಸೇರಿಸಿ. ಕುದಿಯುವ ಬೆಲ್ಲಕ್ಕೆ ಹಾಲು ಸುರಿದರೆ ಒಡೆಯುತ್ತದೆ. ಆದುದರಿಂದ ಕಾಯಿಸಿದ ಹಾಲು, ತುಪ್ಪವನ್ನು ಬಡಿಸಿದ ಮೇಲೆ ತಟ್ಟೆಗೇ ಹಾಕಿ. ಮಾವು ಬಂದ ಮೇಲೆ ಸೀಕರಣಿ, ಚಳಿಗಾಲದಲ್ಲಿ ಎಳ್ಳಿನ ಉಂಡಿ, ಶೇಂಗಾ ಹೋಳಿಗೆ, ಹೀಗೆ ಪ್ರತಿ ಋತುವಿಗೂ ಅದರದೇ ಸಿಹಿಯುಂಟು.

ಒಂದು ಎಚ್ಚರಿಕೆ: ಕಳೆನಾಶಕ, ಕೀಟನಾಶಕ ಸಿಂಪಡಿಸಿದ ಹೊಲದಿಂದ ಸೊಪ್ಪು ಕೀಳಬೇಡಿ. ಎಲೀಷನ ಪಾತ್ರೆಯ ವಿಷ ಕಾಡುಬಳ್ಳಿಯಿಂದ ಬಂತು, ನಮ್ಮ ಪಾತ್ರೆಗೆ ಡಬ್ಬಿಯಿಂದ ಬರಬಹುದು.

5. ಅಡುಗೆಮನೆಯ ನ್ಯಾಯ

ಇಷ್ಟೆಲ್ಲ ಅಡುಗೆ ಯಾರು ಮಾಡಬೇಕು? ಪಾಠದ ಕಠಿಣ ಭಾಗ ಇದು. ಸಸ್ಯಾಹಾರದ ಅಡುಗೆಗೆ ಕೆಲಸ ಹೆಚ್ಚು. ಸೊಪ್ಪು ಸೋಸಬೇಕು, ಕಾಳು ಬಿಡಿಸಬೇಕು, ರೊಟ್ಟಿ ಬಡಿಯಬೇಕು. ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಕೂಲಿ ಮಾಡಿ ಬಂದ ತಾಯಿ ಒಲೆಯ ಮುಂದೆ ಮತ್ತೆ ಎರಡು ತಾಸು ಕೂತು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಮನೆಯ ಉಪವಾಸವನ್ನೆಲ್ಲ ಅವಳೊಬ್ಬಳೇ ಹೊತ್ತರೆ ಅದು ಕುಟುಂಬದ ತಪಸ್ಸಲ್ಲ, ಕುಟುಂಬದ ಅನ್ಯಾಯ.

ಪುನರುತ್ಥಾನಗೊಂಡ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಏನು ಮಾಡಿದರು? ರಾತ್ರಿಯಿಡೀ ದುಡಿದು ದಣಿದ ಶಿಷ್ಯರಿಗಾಗಿ ಕೆಂಡ ಹೊತ್ತಿಸಿ, ರೊಟ್ಟಿ ಮೀನು ಸಿದ್ಧಮಾಡಿ, ಬಂದು ಉಣ್ಣಿರಿ ಎಂದು ಕರೆದರು (ಯೊವಾನ್ನ 21:9-13). ಮರಣವನ್ನು ಗೆದ್ದ ದೇವಪುತ್ರರೇ ಒಲೆ ಹೊತ್ತಿಸಿದ ಮೇಲೆ, ಉಳ್ಳಾಗಡ್ಡಿ ಹೆಚ್ಚುವುದು ಗಂಡಸಿಗೆ ಕಡಿಮೆ ಮರ್ಯಾದೆ ಎಂದು ಹೇಳಲು ಯಾವ ಕ್ರೈಸ್ತ ಗಂಡಸಿಗೆ ಬಾಯಿ ಬಂದೀತು? ಶುಕ್ರವಾರವಾದರೂ ಸೊಪ್ಪು ಸೋಸುವುದು, ಕಾಳು ಬಿಡಿಸುವುದು, ಪಾತ್ರೆ ತಿಕ್ಕುವುದು ಅಪ್ಪ ಮಕ್ಕಳ ಪಾಲಾಗಲಿ. ಅಂದು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ.

ಇನ್ನು ಆರೋಗ್ಯದ ಮಾತು. ನಮ್ಮ ಹೆಣ್ಣುಮಕ್ಕಳಲ್ಲಿ, ಮಕ್ಕಳಲ್ಲಿ ರಕ್ತಹೀನತೆ ಹೆಚ್ಚು. ಜೋಳ ಮತ್ತು ಬೇಳೆ ಒಂದೇ ಊಟದಲ್ಲಿ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಸಿ ಜೀವಸತ್ವ ಬೇಕು. ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಕೂಡಲೇ ಚಹಾ ಕುಡಿದರೆ ಆ ಕಬ್ಬಿಣಾಂಶ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ತಡೆಯಿರಿ. ಪಲ್ಯ ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಮಕ್ಕಳ ಬುತ್ತಿಗೆ ಬಿಸ್ಕತ್ತಿನ ಬದಲು ಶೇಂಗಾ ಬೆಲ್ಲದ ಉಂಡಿ ಇಡಿ.

ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು, ಕಾಯಿಲೆಯವರು, ವೃದ್ಧರು ದೇಹವನ್ನು ದಂಡಿಸುವ ಉಪವಾಸ ಮಾಡಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆಯನ್ನು ತಡೆಯಲೆಂದು ಕಲಬುರಗಿ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ, ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟಾಗ, ಪರ ವಿರೋಧ ಚರ್ಚೆ ನಡೆಯಿತು. ನಮ್ಮ ಮನೆಗಳಲ್ಲಿ ಈ ಬಗ್ಗೆ ಗೊಂದಲ ಬೇಡ. ಶುಕ್ರವಾರ ಶಾಲೆಯಲ್ಲಿ ಮೊಟ್ಟೆ ತಿಂದ ಮಗು ಯಾವ ನಿಯಮವನ್ನೂ ಮುರಿದಿಲ್ಲ. ಮಗುವಿನ ಬೆಳವಣಿಗೆಯೂ ದೇವರು ನಮ್ಮ ಕೈಗೆ ಒಪ್ಪಿಸಿದ ಹೊಣೆ.

6. ಉಳಿದದ್ದು ಯಾರಿಗೆ?

ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ಹಕ್ಕಲನ್ನು ಆಯಬೇಡ, ಅದು ಬಡವರಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡ (19:9-10) ಆಜ್ಞಾಪಿಸುತ್ತದೆ. ಈ ನಿಯಮದಿಂದಲೇ ರೂತಳೂ ಅವಳ ಅತ್ತೆ ನವೊಮಿಯೂ ಬದುಕಿದರು. ಆ ವಂಶದಲ್ಲೇ ಅರಸ ದಾವೀದನೂ ಪ್ರಭು ಕ್ರಿಸ್ತರೂ ಜನಿಸಿದರು. ಹಕ್ಕಲು ತೆನೆಗೆ ರಕ್ಷಣೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸ್ಥಾನವಿದೆ.

ಹಂಚಿ ಉಣ್ಣುವ ಪಾಠ ನಮ್ಮ ನೆಲಕ್ಕೂ ಹೊಸದಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರನ್ನು ಜನರು ಇಂದಿಗೂ ನೆನೆಯುವುದು ಅವರ ದಾಸೋಹಕ್ಕಾಗಿ, ಅಂದರೆ ಬಂದವರಿಗೆಲ್ಲ ಅನ್ನವಿಟ್ಟ ಸೇವೆಗಾಗಿ. ನೆರೆಯವರಲ್ಲಿರುವ ಒಳಿತನ್ನು ಗೌರವಿಸಲು ಧರ್ಮಸಭೆ ನಮಗೆ ಕಲಿಸುತ್ತದೆ. ದಾಸೋಹದ ನೆಲದಲ್ಲಿ ಬದುಕುವ ಕ್ರೈಸ್ತರ ಬಾಗಿಲಿನಿಂದ ಹಸಿದವನು ಬರಿಗೈಯಲ್ಲಿ ಹೋಗಬಾರದು.

ಮಾಂಸ ಬಿಟ್ಟ ಶುಕ್ರವಾರ ಉಳಿದ ಹಣ ಎಷ್ಟೇ ಚಿಕ್ಕದಿರಲಿ, ಒಂದು ಡಬ್ಬಿಯಲ್ಲಿ ಬೇರೆ ಇಡಿ. ಪಾಸ್ಖ ಹಬ್ಬಕ್ಕೆ ಮುಂಚೆ ಅದನ್ನು ಊರಿನ ಒಬ್ಬ ಒಂಟಿ ಮುದುಕಿಗೆ, ಒಬ್ಬ ರೋಗಿಗೆ ಮುಟ್ಟಿಸಿ, ಅವರ ಜಾತಿ ಧರ್ಮ ಕೇಳದೆ. ಆಗ ನಮ್ಮ ಮಾಂಸವರ್ಜನೆಗೆ ಕೈ ಕಾಲು ಬರುತ್ತವೆ.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ (227) ಊಟಕ್ಕೆ ಮುಂಚೆಯೂ ನಂತರವೂ ಒಂದು ಕ್ಷಣ ನಿಂತು ದೇವರಿಗೆ ಕೃತಜ್ಞತೆ ಸಲ್ಲಿಸುವ ಪದ್ಧತಿಗೆ ಮರಳಬೇಕೆಂದು ಕೇಳಿಕೊಂಡರು. ಆ ಕ್ಷಣವು ಜೀವಕ್ಕಾಗಿ ನಾವು ದೇವರನ್ನೇ ಅವಲಂಬಿಸಿದ್ದೇವೆ ಎಂಬುದನ್ನು ನೆನಪಿಸುತ್ತದೆ. ಈ ಅನ್ನಕ್ಕಾಗಿ ದುಡಿದವರನ್ನೂ ಇಲ್ಲದವರನ್ನೂ ನೆನೆಯುವಂತೆ ಮಾಡುತ್ತದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅದನ್ನು ಹೇಗೆ ಬದಲಾಯಿಸೋಣ?
2. ನಮ್ಮ ಅಜ್ಜಿಗೆ ಗೊತ್ತಿರುವ, ನಮಗೆ ಗೊತ್ತಿಲ್ಲದ ಸೊಪ್ಪುಗಳು ಯಾವುವು?
3. ಬೇರೆಯವರ ಊಟವನ್ನು ನಾವು ಹೀಗಳೆದದ್ದುಂಟೇ? ನಮ್ಮ ಊಟಕ್ಕಾಗಿ ನಾವು ನಾಚಿಕೊಂಡದ್ದುಂಟೇ?

ಈ ವಾರದ ಸಂಕಲ್ಪ: ಬರುವ ಶುಕ್ರವಾರ ಪೇಟೆಯ ಪೊಟ್ಟಣವಿಲ್ಲದೆ, ಈ ಋತುವಿನಲ್ಲಿ ನಮ್ಮ ಹೊಲದಲ್ಲಿ ಅಥವಾ ಊರಿನ ಸಂತೆಯಲ್ಲಿ ಸಿಗುವುದರಿಂದಲೇ ಅಡುಗೆ ಮಾಡುವೆವು, ಕೆಲಸವನ್ನು ಎಲ್ಲರೂ ಹಂಚಿಕೊಳ್ಳುವೆವು, ಒಂದು ಬಟ್ಟಲನ್ನು ಮನೆಯಿಂದ ಹೊರಗೆ ಕಳಿಸುವೆವು.

ಪ್ರಾರ್ಥನೆ: ಓ ಪ್ರಭುವೇ, ಮಳೆಯನ್ನೂ ಬಿಸಿಲನ್ನೂ ಕೊಟ್ಟು ನಮ್ಮ ಎರೆನೆಲದಿಂದ ರೊಟ್ಟಿಯನ್ನು ಎಬ್ಬಿಸಿದ್ದೀರಿ. ಈ ಪಲ್ಯ ಬೆಳೆದ ಕೈಗಳನ್ನೂ ಬೇಯಿಸಿದ ಕೈಗಳನ್ನೂ ಆಶೀರ್ವದಿಸಿರಿ. ನಾವು ಬಿಟ್ಟದ್ದು ಹಸಿದವರಿಗೆ ಮುಟ್ಟಲಿ. ನಾವು ಉಂಡದ್ದು ನಿಮ್ಮ ಸೇವೆಗೆ ಬಲವಾಗಲಿ. ಆಮೆನ್.